ಎರಡನೇ ಗೇರಿನಿಂದ ಮೂರನೇ ಗೇರಿಗೆ

ಸ್ವೀಡನ್ನಿಗೆ ಬಂದ ಮೊದಲ ಜೂನ್ ತಿಂಗಳ ಒಂದು ಶುಕ್ರವಾರ ಸಂಜೆ. ಅಕ್ಕಿ ಚೀಲ ಹೊತ್ತು ಅಂಗಡಿಯಿಂದ ಹೊರಬಂದ ನಾನು ರಸ್ತೆ ದಾಟಲಾಗದೆ ನಿಂತುಬಿಟ್ಟೆ. ಎದುರಿಗೆ ಒಂದರ ಹಿಂದೊಂದು ಅಮೆರಿಕದ ಹಳೆಯ ಕಾರುಗಳು ನಡಿಗೆಯ ವೇಗದಲ್ಲಿ ಸಾಗುತ್ತಿದ್ದವು. ದೋಣಿಯಷ್ಟು ಉದ್ದ, ಮುಂದೆಲ್ಲ ಕ್ರೋಮು, ಹಿಂದೆ ಮೀನಿನ ರೆಕ್ಕೆ. ಕಿಟಕಿಗಳಿಂದ ಗಂಡಸರ ಬರಿಗಾಲುಗಳು ಹೊರಚಾಚಿದ್ದವು. ಒಂದು ಕಾರಿನ ಡಿಕ್ಕಿಯಲ್ಲಿ ಸೋಫಾ ಹಾಕಿಕೊಂಡು ಇಬ್ಬರು ಹೆಂಗಸರು ಕೂತಿದ್ದರು. ಎಂಜಿನ್ನುಗಳ ಗುಡುಗಿಗೆ ಅಂಗಡಿಯ ಗಾಜು ನಡುಗುತ್ತಿತ್ತು. ಪೊಲೀಸನೊಬ್ಬ ಕೈಕಟ್ಟಿ ನೋಡುತ್ತಿದ್ದ. ಪಕ್ಕದಲ್ಲಿದ್ದ ಮುದುಕಿಯನ್ನು, ಇದೇನು ಮದುವೆ ದಿಬ್ಬಣವೇ ಎಂದು ಕೇಳಿದೆ.

"ಅಲ್ಲ," ಎಂದಳು ಆಕೆ. "ಇವತ್ತು ಶುಕ್ರವಾರ."

ಇವರನ್ನು ಇಲ್ಲಿ ರಾಗ್ಗರೆ ಎನ್ನುತ್ತಾರೆ. ಅರ್ಧ ಶತಮಾನಕ್ಕೂ ಹಿಂದಿನ ಅಮೆರಿಕನ್ ಕಾರುಗಳನ್ನು ಹಡಗಿನಲ್ಲಿ ತರಿಸಿ, ಚಳಿಗಾಲವಿಡೀ ಗ್ಯಾರೇಜಿನಲ್ಲಿ ರಿಪೇರಿ ಮಾಡಿ, ಬೇಸಿಗೆಯಲ್ಲಿ ಊರು ಸುತ್ತುವ ಜನ. ಬಸ್ಸಿನಲ್ಲಿ ಪಕ್ಕದವರಿಗೆ ಉಸಿರೂ ತಾಗದ ಹಾಗೆ ಕೂರುವ ಈ ದೇಶ ತನ್ನ ಗದ್ದಲವನ್ನೆಲ್ಲ ಈ ಕಾರುಗಳೊಳಗೆ ತುಂಬಿಟ್ಟಿದೆ ಎಂದು ಆಮೇಲೆ ಗೊತ್ತಾಯಿತು. ನಾನು ಬಂದದ್ದು ಸದ್ದೇ ಮಾಡದ ಕಾರುಗಳ ಕೆಲಸಕ್ಕೆ. ಟೋರ್ಸ್‌ಲಾಂಡ ಎಂಬ ಊರಿನ ಹತ್ತಿರ ಹೊಸ ಕಾರುಗಳನ್ನು ಓಡಿಸಿ ಅಳೆಯುವ ಒಂದು ಸಣ್ಣ ಕಂಪನಿಯಲ್ಲಿ ನಾನು ಟೆಸ್ಟ್ ಎಂಜಿನಿಯರ್. ನಿಂತ ಕಾರು ನೂರು ಕಿಲೋಮೀಟರ್ ವೇಗ ಮುಟ್ಟಲು ಎಷ್ಟು ಸೆಕೆಂಡು, ನೂರರಿಂದ ನಿಲ್ಲಲು ಎಷ್ಟು ಮೀಟರು, ಇದೇ ನನ್ನ ದಿನಚರಿ.

ಊರು ರಾಣೆಬೆನ್ನೂರು. ಹೆದ್ದಾರಿ ಪಕ್ಕದಲ್ಲಿ ಅಬ್ಬಾನ ಲಾರಿ ಡೀಸೆಲ್ ಪಂಪಿನ ವರ್ಕ್‌ಶಾಪ್ ಇತ್ತು. ಮನೆಯಲ್ಲಿ ಉರ್ದು, ಶೆಡ್ಡಿನಲ್ಲಿ ಕನ್ನಡ, ಎರಡರಲ್ಲೂ ಗ್ರೀಸಿನ ವಾಸನೆ. ಎಂಜಿನ್ನಿನ ಸದ್ದು ಕೇಳಿ ಕಾಯಿಲೆ ಹೇಳುವುದನ್ನು ಅಲ್ಲೇ ಕಲಿತೆ. ಇಲ್ಲಿ ಕಲಿಯಬೇಕಾದದ್ದು ಬೇರೆಯೇ ಇತ್ತು. ಪೆರ್ಸೂನ್‌ನುಮ್ಮೆರ್ ಎಂಬ ಗುರುತಿನ ಸಂಖ್ಯೆ ಬರುವ ತನಕ ನಾವು ಇದ್ದೂ ಇಲ್ಲದವರು. ಬ್ಯಾಂಕಿಲ್ಲ, ಫೋನಿಲ್ಲ, ಲೈಬ್ರರಿ ಕಾರ್ಡೂ ಇಲ್ಲ. ಮನೆಯ ಪಾಡು ಇನ್ನೂ ಕಷ್ಟ. ಬೇರೆಯವರ ಬಾಡಿಗೆ ಮನೆಯನ್ನು ಅವರಿಂದ ಮತ್ತೆ ಬಾಡಿಗೆಗೆ ಹಿಡಿಯುವುದಕ್ಕೆ ಇಲ್ಲಿ ಆಂದ್ರಾಹಾಂಡ್ ಎಂಬ ಹೆಸರಿದೆ. "ಆಂಧ್ರದೋರ ಮನೀನಾ?" ಎಂದು ಅಮ್ಮಿ ಫೋನಿನಲ್ಲಿ ಕೇಳಿದ್ದಳು. ಒಂದೂವರೆ ವರ್ಷದಲ್ಲಿ ಅಂಥ ಮೂರು ಮನೆ ಬದಲಿಸಿದೆವು. ಮಗಳು ಜೋಯಾ ಮೂರು ಸಲ ದಾಗಿಸ್ ಬದಲಿಸಿದಳು. ದಾಗಿಸ್ ಎಂದರೆ ಇಲ್ಲಿನ ಶಿಶುವಿಹಾರ. ಮೂರನೆಯದರಲ್ಲಿ ಅವಳು ಇಡೀ ಒಂದು ತಿಂಗಳು ಯಾರೊಂದಿಗೂ ಬಾಯಿ ಬಿಡಲಿಲ್ಲ. ಹೀಗಾಗಿ ಲೆನ್ನಾರ್ಟ್ ಎಂಬ ಮುದುಕ ತನ್ನ ಮನೆಯ ಕೆಳಅಂತಸ್ತನ್ನು ಕೊಡುತ್ತೇನೆ ಎಂದಾಗ ನನ್ನ ಗಂಡ ಇಮ್ತಿಯಾಜ್ ಕಣ್ಣೊರೆಸಿಕೊಂಡಿದ್ದ.

ಲೆನ್ನಾರ್ಟ್ ಎಪ್ಪತ್ತು ದಾಟಿದ ವಿಧುರ, ಕಾರ್ಖಾನೆಯಿಂದ ನಿವೃತ್ತನಾದ ಫಿಟ್ಟರ್. ಮಗಳು ಕಾರಿನ್ ಉಪ್ಸಾಲಾದಲ್ಲಿದ್ದಳು. ಅವನ ಗ್ಯಾರೇಜಿನಲ್ಲಿ ಕಮಾರೋ ಎಂಬ ಕಡುನೀಲಿ ಬಣ್ಣದ ಹಳೆಯ ಅಮೆರಿಕನ್ ಕಾರು ಇತ್ತು. ಮೇಲೆ ಹಾಸಿಗೆಯ ಚಾದರ ಹೊದಿಸಿರುತ್ತಿದ್ದ. ಮನೆ ನೋಡಲು ಹೋದ ದಿನ ಅವನು ಎಂಜಿನ್ ಚಾಲೂ ಮಾಡಿದಾಗ ನಾನು ಕಿವಿಗೊಟ್ಟು, ಎಡಬದಿಯ ಒಂದು ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದೆ. ಅವನು ಬಾನೆಟ್ ಎತ್ತಿ, ಪ್ಲಗ್ಗು ಬಿಚ್ಚಿ, ಅದನ್ನೂ ನನ್ನನ್ನೂ ನೋಡಿದ. ಮನೆ ನಮಗೆ ಸಿಕ್ಕಿತು.

ಅವನ ಗೆಳೆಯ ರೋಲ್ಫ್ ಮೂರು ಮನೆ ಆಚೆಗಿದ್ದ. ಅವನದು ಹಳದಿ ಮಸ್ಟಾಂಗ್. ಇಬ್ಬರೂ ಕಾರ್ಖಾನೆಯ ಒಂದೇ ಲೈನಿನಲ್ಲಿ ದುಡಿದವರು, ಒಂದೇ ವರ್ಷ ಕಾರು ತರಿಸಿದವರು. ಎರಡೂ ಒಂದೇ ಕಾಲದ ಮಸಲ್ ಕಾರುಗಳು, ಎಂದರೆ ಸಣ್ಣ ಮೈಗೆ ಲಾರಿಯಷ್ಟು ಎಂಜಿನ್ ತುಂಬಿಸಿಕೊಂಡು ಹುಟ್ಟಿದಂದಿನಿಂದ ಪರಸ್ಪರ ಹಗೆ ಸಾಧಿಸಿದವು. ನಿಂತಲ್ಲಿಂದ ಯಾವುದು ಬೇಗ ಚಿಮ್ಮುತ್ತದೆ ಎಂಬ ಜಗಳ ಈ ಇಬ್ಬರ ನಡುವೆ ಮೂವತ್ತು ವರ್ಷದಿಂದ ನಡೆದಿತ್ತು. ಲೆನ್ನಾರ್ಟ್ ಒಂದು ಹಳೆಯ ಪತ್ರಿಕೆಯ ಪುಟ ತೋರಿಸುತ್ತಿದ್ದ, ರೋಲ್ಫ್ ಇನ್ನೊಂದರದು. ಎರಡರಲ್ಲೂ ಆರು ಸೆಕೆಂಡಿನ ಆಸುಪಾಸು.

ನನಗೆ ನಗು ಬರುತ್ತಿತ್ತು. ಆ ಕಾಲದ ಪತ್ರಿಕೆಯ ಅಂಕೆ ಬಿಸಿ ಟಾರಿನ ಮೇಲೆ, ಹೊಸ ಟೈರಿನಲ್ಲಿ, ನುರಿತ ಚಾಲಕ ಹತ್ತು ಸಲ ಓಡಿಸಿದ್ದರಲ್ಲಿ ಒಳ್ಳೆಯದೊಂದನ್ನು ಆರಿಸಿಕೊಂಡದ್ದು. ನಿಜವಾದ ರಸ್ತೆಯಲ್ಲಿ ಟಾರು ತಣ್ಣಗಿರುತ್ತದೆ. ಹಿಂದಿನ ಟೈರುಗಳು ನಿಂತಲ್ಲೇ ಸುತ್ತಿ ಅರ್ಧ ಸೆಕೆಂಡನ್ನು ಹೊಗೆ ಮಾಡುತ್ತವೆ. ಕ್ಲಚ್ಚು ಸವೆದಿರುತ್ತದೆ, ಅದನ್ನು ಒತ್ತುವ ಮೊಣಕಾಲೂ ಸವೆದಿರುತ್ತದೆ. ಪತ್ರಿಕೆ ಹೇಳುವುದು ಕಾರಿನ ವೇಗ. ವೇಗ ಅಳೆಯುವ ನನ್ನ ಪೆಟ್ಟಿಗೆ ಹೇಳುವುದು ಈ ಮನುಷ್ಯ, ಈ ಕಾರಿನಲ್ಲಿ, ಈ ದಿನ ಎಷ್ಟು ವೇಗ ಎಂಬುದನ್ನು.

"ಹಾಗಾದರೆ ಆ ಪೆಟ್ಟಿಗೆ ತಾ," ಎಂದ ಲೆನ್ನಾರ್ಟ್.

ಇಮ್ತಿಯಾಜ್‌ಗೆ ಇಷ್ಟವಿರಲಿಲ್ಲ. "ಓನರ್ ಜೊತೆ ಇವೆಲ್ಲ ಯಾಕ್ ಬೇಕು ಶಾಹೀನ್? ಅವರು ಸೋತ್ರೆ ಮೂಡ್ ಆಫ್ ಆಗ್ತಾರೆ. ಈ ಮನೆ ಹೋದ್ರೆ ಜೋಯಾಗೆ ಮತ್ತೆ ಹೊಸ ದಾಗಿಸ್."

"ಬರೀ ಟೈಮ್ ನೋಡೋದು ಕಣೋ," ಎಂದೆ.

ಒಳನಾಡಿನಲ್ಲಿ ಸೇನೆ ಬಿಟ್ಟುಹೋದ ಹಳೆಯ ರನ್‌ವೇ ಒಂದನ್ನು ಕಾರುಗಳ ಸಂಘದವರು ಶನಿವಾರ ತೆರೆಯುತ್ತಿದ್ದರು. ಮೇ ತಿಂಗಳು. ಬಿಸಿಲಿತ್ತು, ಬಿಸಿ ಇರಲಿಲ್ಲ. ನನ್ನ ಸ್ವಂತದ ಪೆಟ್ಟಿಗೆಯನ್ನು ಸರದಿಯ ಮೇಲೆ ಎರಡೂ ಕಾರಿನ ಗಾಜಿಗೆ ಅಂಟಿಸಿದೆ. ಅದು ಉಪಗ್ರಹದ ನೆರವಿನಿಂದ ಪ್ರತಿ ಕ್ಷಣದ ವೇಗವನ್ನೂ, ಕಾರು ಎಡಬಲಕ್ಕೆ ಎಷ್ಟು ಸರಿಯಿತೆಂಬುದನ್ನೂ ಬರೆದುಕೊಳ್ಳುತ್ತದೆ. ಒಬ್ಬೊಬ್ಬರಿಗೆ ಮೂರು ಓಟ. ಮೊದಲನೆಯದರಲ್ಲಿ ರೋಲ್ಫ್ ಮುಂದೆ, ಎರಡನೆಯದರಲ್ಲಿ ಲೆನ್ನಾರ್ಟ್. ಇಬ್ಬರೂ ಎಂಟು ಸೆಕೆಂಡಿನ ಹಿಂದೆ ಮುಂದೆ. ಆರು ಸೆಕೆಂಡಿನ ಕನಸು ಹೋದದ್ದಕ್ಕೆ ಇಬ್ಬರೂ ನಕ್ಕರು, ಒಬ್ಬರ ಟೈರನ್ನೊಬ್ಬರು ಒದ್ದು ಬೈದಾಡಿದರು. ಆ ಮಧ್ಯಾಹ್ನ ನಾನು ಈ ದೇಶದಲ್ಲಿ ಮೊದಲ ಬಾರಿಗೆ ಅತಿಥಿಯಲ್ಲದವಳಂತೆ ಇದ್ದೆ.

ಮೂರನೆಯ ಓಟದಲ್ಲಿ ರೋಲ್ಫ್ ಏಳು ಪಾಯಿಂಟ್ ಒಂಬತ್ತು. ಆಮೇಲೆ ಲೆನ್ನಾರ್ಟ್ ಹೊರಟ. ಚೆನ್ನಾಗಿಯೇ ಹೊರಟ. ಎರಡನೇ ಗೇರಿನ ತುದಿಯಲ್ಲಿ ಎಂಜಿನ್ನಿನ ಸದ್ದು ಇಳಿಯಿತು. ಮತ್ತೆ ಏರಬೇಕಾದದ್ದು ಏರಲಿಲ್ಲ. ಕಾರು ತೇಲಿದಂತೆ ಸ್ವಲ್ಪ ದೂರ ಹೋಯಿತು. ನಂತರ ಒಮ್ಮೆಲೇ ಗರ್ಜಿಸಿ ಮುಂದಕ್ಕೆ ನುಗ್ಗಿತು. ಹನ್ನೊಂದು ಸೆಕೆಂಡಿಗೂ ಮೇಲೆ.

"ಗೇರು ಸಿಗಲಿಲ್ಲ," ಎಂದ ಲೆನ್ನಾರ್ಟ್ ಕಾರಿನಿಂದ ಇಳಿಯುತ್ತ. ರೋಲ್ಫ್ ಎರಡೂ ಕೈ ಮೇಲೆತ್ತಿ ಕುಣಿದ. ಮೂವತ್ತು ವರ್ಷದ ಜಗಳ ಮುಗಿಯಿತು.

ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ಪೆಟ್ಟಿಗೆ ಬರೆದುಕೊಂಡಿದ್ದ ಆ ಓಟದ ಗೆರೆಗಳನ್ನು ಬಿಡಿಸಿದೆ. ಎರಡನೇ ಗೇರಿನಿಂದ ಮೂರಕ್ಕೆ ಹೋಗಲು ಅವನಿಗೆ ಮೊದಲೆರಡು ಓಟದಲ್ಲಿ ಒಂದು ಸೆಕೆಂಡೂ ಹಿಡಿದಿರಲಿಲ್ಲ. ಇಲ್ಲಿ ಮೂರು ಸೆಕೆಂಡು. ಅದು ಆಗುವಂಥದ್ದೇ, ಹಳೆಯ ಗೇರ್‌ಬಾಕ್ಸು. ಆದರೆ ಆ ಮೂರು ಸೆಕೆಂಡಿನಲ್ಲಿ ಕಾರು ನಿಧಾನಕ್ಕೆ ಎಡಕ್ಕೆ ಸರಿದಿತ್ತು, ಹೆಚ್ಚುಕಡಿಮೆ ರನ್‌ವೇಯ ಅಂಚಿನ ತನಕ. ಆಮೇಲೆ ಒಂದು ಜಗ್ಗು, ಮತ್ತೆ ನೇರ. ಗೇರು ಸಿಗದವನು ಗೇರಿನೊಂದಿಗೆ ಗುದ್ದಾಡುತ್ತಾನೆ, ಆದರೂ ಸ್ಟೀರಿಂಗ್ ಹಿಡಿದಿರುತ್ತಾನೆ. ಆ ಮೂರು ಸೆಕೆಂಡು ಕಮಾರೋದೊಳಗೆ ಯಾರೂ ಇರಲಿಲ್ಲ.

ಮೇಲೆ ಹೋದೆ. ಲೆನ್ನಾರ್ಟ್ ಜೋಯಾಗೆ ಬಿಸ್ಕತ್ತು ಕೊಡುತ್ತಿದ್ದ. ಅವಳನ್ನು ಕೆಳಗೆ ಕಳಿಸಿ ಪರದೆಯ ಮೇಲಿನ ಗೆರೆ ತೋರಿಸಿದೆ.

"ಇದು ಮೊದಲ ಸಲವಾ?" ಎಂದೆ.

"ಒಮ್ಮೊಮ್ಮೆ ಆಗುತ್ತೆ. ಕ್ಷಣ ಮಾತ್ರ. ವಯಸ್ಸು."

"ಡಾಕ್ಟರಿಗೆ ಹೇಳಿದ್ದೀಯಾ?"

"ಹೇಳಿದರೆ ಅವರು ಮೇಲಿನವರಿಗೆ ಬರೀತಾರೆ. ಲೈಸೆನ್ಸ್ ಹೋಗುತ್ತೆ." ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿದ. "ಕಾರಿನ್‌ಗೆ ಹೇಳಬೇಡ, ಶಾಹೀನ್. ಇದು ನನ್ನ ವಿಷಯ."

ಇದು ನನ್ನ ವಿಷಯ. ಈ ದೇಶದಲ್ಲಿ ಆ ಮಾತಿನ ಮುಂದೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಇನ್ನೊಬ್ಬರ ಬದುಕಿಗೆ ಕೈಹಾಕುವುದಕ್ಕೆ ಸ್ವೀಡಿಷಿನಲ್ಲಿ ಲೆಗ್ಗಾ ಸೇ ಈ ಎನ್ನುತ್ತಾರೆ. ಪದಶಃ ಹೇಳುವುದಾದರೆ, ನಡುವೆ ಹೋಗಿ ಮಲಗುವುದು. ಅದಕ್ಕಿಂತ ದೊಡ್ಡ ಅಸಭ್ಯತೆ ಇಲ್ಲಿಲ್ಲ. ಮೊದಲ ವರ್ಷ ಆಫೀಸಿನ ಫೀಕಾದಲ್ಲಿ, ಎಂದರೆ ಎಲ್ಲರೂ ಕೂತು ಕಾಫಿ ಕುಡಿಯುವ ಬಿಡುವಿನಲ್ಲಿ, ಒಬ್ಬಾಕೆ ತಲೆನೋವೆಂದು ಮೂರು ದಿನ ಮುಖ ಸಪ್ಪಗೆ ಮಾಡಿಕೊಂಡಿದ್ದಳು. ಏನಾಯ್ತು, ಮನೇಲಿ ಏನಾದ್ರೂ ಜಗಳಾನಾ ಎಂದು ನಾನು ಕೇಳಿಬಿಟ್ಟೆ. ಇಡೀ ಟೇಬಲ್ ಚಮಚಗಳನ್ನು ನೋಡತೊಡಗಿತು. ಅಂದಿನಿಂದ ಕಲಿತೆ. ಕೇಳಬಾರದು, ಹೇಳಬಾರದು, ನೋಡಿದ್ದನ್ನು ನೋಡಿಲ್ಲ ಎನ್ನಬೇಕು. ನಮ್ಮ ಬಾಸ್ ಒಮ್ಮೆ "ನೀನು ಈಗ ಅರ್ಧ ಸ್ವೀಡಿಷ್ ಆಗಿದ್ದೀಯ" ಎಂದಾಗ ಊರಿಗೆ ಫೋನ್ ಮಾಡಿ ಹೆಮ್ಮೆಯಿಂದ ಹೇಳಿಕೊಂಡಿದ್ದೆ.

ಕೆಳಗೆ ಬಂದು ಇಮ್ತಿಯಾಜ್‌ಗೆ ಹೇಳಿದೆ. ಅವನು ಅಕ್ಕಿ ತೊಳೆಯುವುದನ್ನು ನಿಲ್ಲಿಸಲಿಲ್ಲ. "ಅವರೇ ಹೇಳಬೇಡ ಅಂದ್ರಲ್ಲ. ಬಿಟ್ಬಿಡು."

ಬಿಟ್ಟೆ. ಮನೆಯ ಭಯ ಎಷ್ಟು, ಸಭ್ಯತೆ ಎಷ್ಟು ಎಂದು ಇಂದಿಗೂ ಬೇರ್ಪಡಿಸಲಾರೆ. ಲೆನ್ನಾರ್ಟ್ ಮರುದಿನ ಎಂದಿನಂತೆ ಮೊಟ್ಟೆ ತರಲು ಕಾರಿನಲ್ಲಿ ಹೋದ. ಕಿಟಕಿಯಿಂದ ಕೈಬೀಸಿದೆ.

ಮೂರು ವಾರ ಕಳೆದು ಒಂದು ಮಂಗಳವಾರ ಬೆಳಿಗ್ಗೆ, ನಮ್ಮ ಬೀದಿಯಿಂದ ಕೆಳಗಿಳಿಯುವ ರಸ್ತೆಯ ತಿರುವಿನಲ್ಲಿ, ಕಮಾರೋ ತಿರುಗಲಿಲ್ಲ. ನೇರ ಹೋಗಿ ಕರಿಬಂಡೆಗೆ ಗುದ್ದಿತು. ರಸ್ತೆಯ ಮೇಲೆ ಬ್ರೇಕಿನ ಗುರುತೇ ಇರಲಿಲ್ಲವಂತೆ. ಹತ್ತು ನಿಮಿಷ ಮೊದಲು ದಾಗಿಸ್‌ನ ಮಕ್ಕಳು ಹಳದಿ ಅಂಗಿ ತೊಟ್ಟು ಇಬ್ಬಿಬ್ಬರು ಕೈಹಿಡಿದುಕೊಂಡು ಕಾಡಿಗೆ ಹೋಗಲು ಅದೇ ತಿರುವಿನಲ್ಲಿ ರಸ್ತೆ ದಾಟಿದ್ದರು. ಜೋಯಾ ಸಾಲಿನ ಕೊನೆಯಲ್ಲಿದ್ದಳು. ಲೆನ್ನಾರ್ಟ್ ಎರಡು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡ.

ಅಬ್ಬಾ ಬದುಕಿದ್ದಾಗ ಒಮ್ಮೆ ನಿದ್ದೆಗೆಟ್ಟು ಕಣ್ಣು ಕೆಂಪಾದ ಲಾರಿ ಡ್ರೈವರನೊಬ್ಬನ ಕೀಲಿ ಕಿತ್ತುಕೊಂಡು ಜೇಬಿಗೆ ಹಾಕಿಕೊಂಡಿದ್ದರು. ಅವನು ಕಾಲರ್ ಹಿಡಿದ, ತಾಯಿ ತಂಗಿಯರನ್ನೆಲ್ಲ ಎಳೆದು ಬೈದ. "ಹೊಡೀತಿಯೇನು, ಹೊಡಿ. ಆರ್ ತಾಸ್ ಮಲಕ್ಕೊಂಡ್ ಮ್ಯಾಲೆ ಕೀಲಿ," ಎಂದು ಅಬ್ಬಾ ಅವನಿಗೆ ಚಾಪೆ ಹಾಸಿಕೊಟ್ಟರು. ಆ ಡ್ರೈವರ್ ಯಾರು, ಯಾವೂರಿನವನು ಎಂದೂ ಅವರಿಗೆ ಗೊತ್ತಿರಲಿಲ್ಲ. ನಾನು ಲೆನ್ನಾರ್ಟನ ಮನೆಯಲ್ಲಿ ಎರಡು ಚಳಿಗಾಲ ಉಂಡಿದ್ದೆ.

ಪೊಲೀಸಿನಾಕೆ ಬಂದಳು. ಮೆದು ಮಾತಿನವಳು, ಶೂ ಬಿಚ್ಚಿಟ್ಟು ಒಳಬಂದಳು. ಇತ್ತೀಚೆಗೆ ಅವನಲ್ಲಿ ಏನಾದರೂ ಬದಲಾವಣೆ ಕಂಡಿತ್ತಾ ಎಂದಳು. ಇಮ್ತಿಯಾಜ್ ನನ್ನನ್ನೇ ನೋಡುತ್ತಿದ್ದ. ಎದ್ದುಹೋಗಿ ಲ್ಯಾಪ್‌ಟಾಪ್ ತಂದು ಎಲ್ಲ ತೋರಿಸಿದೆ, ಫೈಲನ್ನೂ ಕೊಟ್ಟೆ. ತಪ್ಪು ನಿನ್ನದಲ್ಲ ಎಂದು ಅವಳು ಎರಡು ಸಲ ಹೇಳಿದಳು. ಇಲ್ಲಿ ಕಾನೂನು ಹಾಗೇ ಹೇಳುತ್ತದೆ.

ಕಾರಿನ್ ಉಪ್ಸಾಲಾದಿಂದ ಬಂದು ಮೆಟ್ಟಿಲ ಮೇಲೆ ನಿಂತೇ ಮಾತಾಡಿದಳು.

"ನಿನಗೆ ಗೊತ್ತಿತ್ತು."

"ಹೌದು."

"ಎಷ್ಟು ದಿನದಿಂದ?"

"ಮೂರು ವಾರ."

"ಅದು ಮಿದುಳಿನ ಸೆಳವಂತೆ. ಮಾತ್ರೆ ತಗೊಂಡಿದ್ದರೆ ಹತೋಟಿಗೆ ಬರುತ್ತಿತ್ತು ಅಂತ ಡಾಕ್ಟರ್ ಹೇಳಿದರು." ದನಿ ಏರಿಸಲಿಲ್ಲ. ನಮ್ಮೂರಲ್ಲಾಗಿದ್ದರೆ ಸತ್ತವನ ಮಗಳು ನನ್ನ ಕೂದಲು ಹಿಡಿದು ಬೀದಿಗೆಳೆಯುತ್ತಿದ್ದಳು, ಊರು ನಡುವೆ ಬಿದ್ದು ಬಿಡಿಸುತ್ತಿತ್ತು, ಇಬ್ಬರೂ ಅಳುತ್ತಿದ್ದೆವು. ಕಾರಿನ್ ಬಾಗಿಲನ್ನು ಸದ್ದಿಲ್ಲದೆ ಎಳೆದುಕೊಂಡು ಹೋದಳು. ಮರುವಾರ ಇ-ಮೇಲ್ ಬಂತು. ಮೂರು ತಿಂಗಳೊಳಗೆ ಮನೆ ಬಿಡಬೇಕು. ಕೊನೆಗೆ ವೆನ್ಲಿಗಾ ಹೆಲ್ಸ್‌ನಿಂಗಾರ್ ಎಂದಿತ್ತು. ಸ್ನೇಹಪೂರ್ವಕ ವಂದನೆಗಳು ಎಂದರ್ಥ.

ನಮ್ಮಲ್ಲಿ ಸತ್ತವರನ್ನು ಅಂದೇ, ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡುತ್ತೇವೆ. ದುಃಖಕ್ಕೂ ತಪ್ಪಿಗೂ ಆ ಒಂದು ಹಿಡಿ ಮಣ್ಣು ಬೇಕು. ಇಲ್ಲಿ ನಾಲ್ಕು ವಾರ ಕಾಯಬೇಕಾಯಿತು. ಆ ನಾಲ್ಕು ವಾರ ನಾನು ಕೆಲಸಕ್ಕೆ ಹೋಗಿ ಕಾರುಗಳನ್ನು ಅಳೆದೆ, ಅವನು ಎಲ್ಲೋ ತಣ್ಣನೆಯ ಕೋಣೆಯಲ್ಲಿ ಮಲಗಿದ್ದ. ಚರ್ಚಿನಲ್ಲಿ ಒಬ್ಬೊಬ್ಬರೇ ಹೋಗಿ ಶವಪೆಟ್ಟಿಗೆಯ ಮೇಲೆ ಒಂದೊಂದು ಹೂವಿಟ್ಟರು. ನಾನೂ ಇಟ್ಟೆ. ಮನಸ್ಸಿನಲ್ಲೇ ಫಾತಿಹಾ ಓದಿದೆ. ಸಲ್ಲುತ್ತದೋ ಇಲ್ಲವೋ ತಿಳಿಯದು.

ಆಮೇಲೆ ಪಕ್ಕದ ಸಭಾಂಗಣದಲ್ಲಿ ಕಾಫಿ. ಯಾರೂ ನನ್ನ ಹತ್ತಿರ ಬರಲಿಲ್ಲ. ರೋಲ್ಫ್ ಮಾತ್ರ ಬಂದ. ಕಪ್ಪು ಕೋಟು ಅವನಿಗೆ ದೊಡ್ಡದಾಗಿತ್ತು.

"ನಾನೂ ನೋಡಿದ್ದೆ," ಎಂದ.

"ಏನನ್ನು?"

"ನಾನು ಸ್ಟಾರ್ಟ್ ಗೆರೆಯ ಹತ್ತಿರ ನಿಂತಿದ್ದೆನಲ್ಲ. ಕಾರು ಎಡಕ್ಕೆ ಹೋದದ್ದು ಹಿಂದಿನಿಂದ ಕಾಣಿಸಿತು. ನನಗೆ ನಿನ್ನ ಪೆಟ್ಟಿಗೆ ಬೇಕಿರಲಿಲ್ಲ." ಕಾಫಿಯ ಕಪ್ಪನ್ನು ತಟ್ಟೆಯ ಮೇಲಿಡಲು ಹೋಗಿ ಚೆಲ್ಲಿದ. "ನಾನು ಗೆದ್ದಿದ್ದೆ. ಅದನ್ನು ಕೆದಕಲು ಮನಸ್ಸಾಗಲಿಲ್ಲ."

ಮನೆ ಬಿಡುವಾಗ ಸಾಮಾನು ಸಾಗಿಸಲು ಟ್ರೇಲರ್ ತಂದವನು ಅವನೇ. ಅದೇ ಬಡಾವಣೆಯ ಇನ್ನೊಂದು ತುದಿಯಲ್ಲಿ, ನಾಲ್ಕನೇ ಮಹಡಿಯಲ್ಲಿ, ಮತ್ತೊಂದು ಆಂದ್ರಾಹಾಂಡ್. ದಾಗಿಸ್ ಮಾತ್ರ ಉಳಿಯಿತು. ಆ ಚಳಿಗಾಲ ರೋಲ್ಫ್ ಸಂಜೆಗಳಲ್ಲಿ ಜೋಯಾಳನ್ನು ದಾಗಿಸ್‌ನಿಂದ ಕರೆತರುತ್ತಿದ್ದ, ಭಾನುವಾರಗಳಂದು ಬಂದು ಇಮ್ತಿಯಾಜ್‌ಗೆ ಸ್ವೀಡಿಷ್ ಹೇಳಿಕೊಡುತ್ತಿದ್ದ, ಖಾರ ತಿಂದು ಮೂಗೊರೆಸಿಕೊಳ್ಳುತ್ತಿದ್ದ. ಲೆನ್ನಾರ್ಟನ ಹೆಸರನ್ನು ಅವನೂ ನಾನೂ ಎತ್ತುತ್ತಿರಲಿಲ್ಲ. ಹಿಮ ಕರಗಿದ ಮೇಲೆ ಒಂದು ದಿನ ಅವನೇ ಹೇಳಿದ.

"ನನ್ನನ್ನು ಅಳೆ. ಹೋದ ವರ್ಷದ ಮೂರು ಓಟ ನಿನ್ನ ಹತ್ತಿರ ಇವೆ. ಈ ವರ್ಷದ್ದನ್ನು ಅದರ ಪಕ್ಕ ಇಡು. ಏನಾದರೂ ಕಂಡರೆ ಹೇಳು."

ಮತ್ತೆ ಅದೇ ರನ್‌ವೇ, ಅದೇ ಹಳದಿ ಮಸ್ಟಾಂಗ್. ನೂರು ಮುಟ್ಟಿದ ಮೇಲೆ ಎಲ್ಲಿ ನಿಲ್ಲಬೇಕೆಂದು ತೋರಿಸಲು ಎಡಬದಿಯಲ್ಲಿ ಒಂದು ಕಿತ್ತಳೆ ಬಣ್ಣದ ಕೋನ್ ಇಟ್ಟೆ. ಮೊದಲ ಓಟ, ಏಳು ಪಾಯಿಂಟ್ ಒಂಬತ್ತು. ಎರಡನೆಯದು ಎಂಟು. ಗೇರಿನಿಂದ ಗೇರಿಗೆ ಒಂದಿಷ್ಟೂ ತಡವಿಲ್ಲ, ಗೆರೆ ಕಡ್ಡಿಯಂತೆ ನೇರ. ಮೂರನೆಯದು ಮುಗಿಸಿ ಅವನು ತಿರುಗಿ ಬಂದು, ಇಳಿದು, ನಗುತ್ತ ನಿಂತ.

"ಹೇಗಿದೆ? ಮುದುಕ ಕೆಟ್ಟಿಲ್ಲ, ಅಲ್ಲವಾ?"

"ಮೂರು ಸಲವೂ ಕೋನ್ ದಾಟಿಕೊಂಡು ಹೋದೆ, ರೋಲ್ಫ್."

"ಯಾವ ಕೋನ್?"

ಕೋನ್ ಅವನ ಎಡಗಡೆಯ ಬಂಪರಿನ ಕೆಳಗೆ ಸಿಕ್ಕಿಕೊಂಡಿತ್ತು. ಅಷ್ಟು ದೂರದಿಂದ ಎಳೆದುಕೊಂಡು ಬಂದಿದ್ದ. ಬಗ್ಗಿ ಬಿಡಿಸಿ ಅವನ ಎಡಗಡೆಗೇ ಒಂದು ಮಾರು ದೂರದಲ್ಲಿ ಹಿಡಿದೆ. ಅವನು ನೇರ ನನ್ನ ಮುಖವನ್ನೇ ನೋಡುತ್ತಿದ್ದ, ಕೋನನ್ನಲ್ಲ. ತಲೆ ತಿರುಗಿಸಿದ ಮೇಲಷ್ಟೇ ಬೆಚ್ಚಿದ. ಇಡೀ ಚಳಿಗಾಲ ಅವನು ಜೋಯಾಳನ್ನು ದಾಗಿಸ್‌ನಿಂದ ಕಾರಿನಲ್ಲಿ ಕರೆತಂದಿದ್ದ.

"ನೀನಿನ್ನು ಓಡಿಸಬಾರದು," ಎಂದೆ.

"ಒಂದು ಕೋನ್."

"ಅದು ಇತ್ತು ಅನ್ನೋದೇ ನಿನಗೆ ಗೊತ್ತಾಗಲಿಲ್ಲ."

"ನಾನು ಅಳೆ ಅಂದದ್ದು ವೇಗವನ್ನ."

"ಏನಾದರೂ ಕಂಡರೆ ಹೇಳು ಅಂದೆ. ಕಂಡಿತು, ಹೇಳ್ತಿದ್ದೀನಿ. ಸೋಮವಾರ ನೀನೇ ಡಾಕ್ಟರ್ ಹತ್ತಿರ ಹೋಗು. ಹೋಗದಿದ್ದರೆ ನಾನು ಫೋನ್ ಮಾಡ್ತೀನಿ."

ಅವನ ಮುಖ ಬಿಗಿಯಾಯಿತು. "ಇದು ನಿನ್ನ ವಿಷಯ ಅಲ್ಲ, ಶಾಹೀನ್."

"ಗೊತ್ತು," ಎಂದು ಕೈಚಾಚಿದೆ. ಅವನು ಕೀಲಿಯನ್ನು ನನ್ನ ಕೈಗೆ ಕೊಡಲಿಲ್ಲ. ಬಾನೆಟ್ಟಿನ ಮೇಲಿಟ್ಟು, ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತ. ಮನೆಯ ತನಕ ನಾನೇ ಓಡಿಸಿದೆ. ಕ್ಲಚ್ಚು ಬಹಳ ಗಟ್ಟಿ. ದಾರಿ ಒಂದೂವರೆ ತಾಸಿನದು.

ಅವನು ಹೋದ, ತಪಾಸಣೆಯಲ್ಲಿ ಎಡಬದಿಯ ನೋಟ ಹೋಗಿದೆಯೆಂದು ತಿಳಿಯಿತು, ಲೈಸೆನ್ಸ್ ಹೋಯಿತು. ಶರತ್ಕಾಲದಲ್ಲಿ ಯಾರೋ ಬಂದು ಮಸ್ಟಾಂಗನ್ನು ಲಾರಿಯ ಮೇಲೇರಿಸಿಕೊಂಡು ಹೋದರು. ಭಾನುವಾರಗಳಂದು ರೋಲ್ಫ್ ಬರುವುದಿಲ್ಲ. ಇಮ್ತಿಯಾಜ್‌ನ ಸ್ವೀಡಿಷ್ ಅರ್ಧಕ್ಕೆ ನಿಂತಿದೆ. ಊರಲ್ಲಿ ತಮ್ಮ, "ಸರಿ ಮಾಡ್ದಿ ಬಿಡು ಅಕ್ಕಾ, ಇಷ್ಟು ಹೇಳಾಕ ಅಷ್ಟ್ಯಾಕ ಒದ್ದಾಡಿದಿ?" ಎಂದು ನಗುತ್ತಾನೆ. ಆಫೀಸಿನಲ್ಲಿ ನಾನು ತುಂಬ ನಂಬುವ ಗೆಳತಿ, "ಅದನ್ನು ಅವನ ಡಾಕ್ಟರಿಗೆ ಬಿಡಬೇಕಿತ್ತು" ಎಂದಳು. ಇಬ್ಬರ ಮಾತೂ ನನಗೆ ಪೂರ್ತಿ ಅರ್ಥವಾಗುತ್ತದೆ. ಅದೇ ಸಂಕಟ. ಒಂದೇ ಅರ್ಥವಾಗುತ್ತಿದ್ದ ಕಾಲದಲ್ಲಿ ಬದುಕು ಸುಲಭವಿತ್ತು.

ಈಗ ಬೆಳಿಗ್ಗೆ ಏಳೂಕಾಲಿನ ಬಸ್ಸಿಗೆ ರೋಲ್ಫ್ ಕೂಡ ಬರುತ್ತಾನೆ. ಸ್ವೀಡನ್ನಿನ ಬಸ್ ನಿಲ್ದಾಣದಲ್ಲಿ ಒಬ್ಬರಿಗೊಬ್ಬರು ಇಷ್ಟು ದೂರ ಎಂದು ಯಾರೂ ಹೇಳದೆ ಎಲ್ಲರೂ ಪಾಲಿಸುವ ಒಂದು ಅಳತೆ ಇದೆ. ಅವನು ಕಂಬದ ಹತ್ತಿರ ನಿಂತು, ನಾನಿರುವ ಬದಿಗೆ ತಲೆ ತಿರುಗಿಸದೆ, ರಸ್ತೆಯನ್ನು ನೋಡುತ್ತಾನೆ. ನಾನು ಇಲ್ಲಿಯವರು ನಿಲ್ಲುವುದಕ್ಕಿಂತ ಒಂದು ಹೆಜ್ಜೆ ಹತ್ತಿರ, ನಮ್ಮೂರವರು ನಿಲ್ಲುವುದಕ್ಕಿಂತ ಎರಡು ಹೆಜ್ಜೆ ದೂರ ನಿಲ್ಲುತ್ತೇನೆ. ಇಲ್ಲಿ ಬಸ್ಸು ಬರುವುದು ಎಡಗಡೆಯಿಂದ, ಅವನಿಗೆ ಕಾಣದ ಕಡೆಯಿಂದ. ಅದು ಬಂದಾಗ, "ಬಂತು," ಎನ್ನುತ್ತೇನೆ. ಅವನು ಹತ್ತುತ್ತಾನೆ.